ಸಿಂಗಪುರದ ರಾತ್ರಿ ರೇಸಿಗೆ ಹೋಗುವವರಿಗೆ: ಮೊದಲು ಸೀಟು, ಆಮೇಲೆ ಮಿಕ್ಕಿದ್ದೆಲ್ಲ

ಫಾರ್ಮುಲಾ ಒನ್ ರೇಸನ್ನು ಜೀವನದಲ್ಲಿ ಒಮ್ಮೆಯಾದರೂ ಕಣ್ಣಾರೆ ನೋಡಬೇಕು ಅಂತ ಆಸೆ ಇಟ್ಟುಕೊಂಡು ಎಲ್ಲಿಗೆ ಹೋಗಲಿ ಅಂತ ಕೇಳುವವರಿಗೆ ನಾನು ಹೇಳುವುದು ಒಂದೇ ಊರು, ಸಿಂಗಪುರ. ನಮ್ಮ ದೇಶದಲ್ಲೇ ದೆಹಲಿ ಬಳಿಯ ಬುದ್ಧ್ ಸರ್ಕ್ಯೂಟಿನಲ್ಲಿ 2011ರಿಂದ 2013ರವರೆಗೆ ಮೂರು ರೇಸ್ ನಡೆದವು, ಮೂರನ್ನೂ ಜರ್ಮನಿಯ ಚಾಲಕ ವೆಟೆಲ್ ಗೆದ್ದ, ಅಲ್ಲಿಗೆ ಮುಗಿಯಿತು. ಮಲೇಷ್ಯಾದ ಸೆಪಾಂಗ್ ಕೂಡ 2017ರ ನಂತರ ಇಲ್ಲ. ಬೆಂಗಳೂರಿನಿಂದ ಸಿಂಗಪುರಕ್ಕೆ ನೇರ ವಿಮಾನದಲ್ಲಿ ಸುಮಾರು ನಾಲ್ಕೂವರೆ ಗಂಟೆ. ಅದಕ್ಕಿಂತ ಮುಖ್ಯವಾದದ್ದು, ಅಲ್ಲಿ ಟ್ರ್ಯಾಕ್ ಊರಾಚೆ ಎಲ್ಲೋ ಇಲ್ಲ. ದಿನಾ ಬಸ್ಸು ಓಡಾಡುವ ರಸ್ತೆಯನ್ನೇ ಮುಚ್ಚಿ ಟ್ರ್ಯಾಕ್ ಮಾಡುತ್ತಾರೆ. ಕಾರು ಬಾಡಿಗೆಗೆ ಹಿಡಿಯಬೇಕಿಲ್ಲ, ಟೆಂಟು ಹಾಕಬೇಕಿಲ್ಲ, ಮೆಟ್ರೋ ಇಳಿದು ನಡೆದರೆ ಸಾಕು.

ಈಗ ಪ್ಲಾನಿಂಗ್. ಹೆಚ್ಚಿನವರು ಮೊದಲು ವಿಮಾನ ಬುಕ್ ಮಾಡುತ್ತಾರೆ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಸೋಮವಾರ ಬೆಳಗಿನ ಜಾವದ ವಿಮಾನ ಹಿಡಿದು, ಭಾನುವಾರ ರಾತ್ರಿ ರೇಸ್ ಮುಗಿದ ಮೇಲಿನ ಸಂಭ್ರಮ ಎಲ್ಲಾ ಬಿಟ್ಟು ಓಡಬೇಕಾಯಿತು. ಅದು ಈಗಲೂ ಬೇಜಾರು. ಸರಿಯಾದ ಕ್ರಮ ಹೀಗೆ: ಎಲ್ಲಿ ಕೂತು ನೋಡುತ್ತೀರಿ ಅನ್ನುವುದು ಮೊದಲು ತೀರ್ಮಾನ ಆಗಲಿ, ಆ ಟಿಕೆಟ್ ಕೈಗೆ ಬರಲಿ, ಆಮೇಲೆ ರೂಮು, ಕೊನೆಗೆ ವಿಮಾನ. ವಿಮಾನಗಳು ದಿನಾ ಇರುತ್ತವೆ. ಒಳ್ಳೆ ಸ್ಟ್ಯಾಂಡಿನ ಸೀಟು ಹೋದರೆ ಹೋಯಿತು.

ಟಿಕೆಟ್ಟನ್ನು ಸಿಂಗಪುರ್ ಗ್ರ್ಯಾನ್ ಪ್ರೀಯ ಅಧಿಕೃತ ವೆಬ್‌ಸೈಟಿನಲ್ಲೇ ತಗೊಳ್ಳಿ. ಶುರುವಿನಲ್ಲಿ ಅರ್ಲಿ ಬರ್ಡ್ ದರ ಇರುತ್ತದೆ, ಆಮೇಲೆ ಏರುತ್ತಾ ಹೋಗುತ್ತದೆ. ಯಾರೋ ಗೊತ್ತಿಲ್ಲದವರು ವಾಟ್ಸಾಪ್‌ನಲ್ಲಿ ಕಡಿಮೆಗೆ ಕೊಡ್ತೀನಿ ಅಂದರೆ ದಯವಿಟ್ಟು ಬೇಡ. ಸ್ಕ್ರೀನ್‌ಶಾಟ್ ತೋರಿಸಿ ಗೇಟ್ ದಾಟಲು ಆಗುವುದಿಲ್ಲ.

ಟಿಕೆಟ್‌ನಲ್ಲಿ ಎರಡು ಬಗೆ. ಒಂದು ಗ್ರ್ಯಾಂಡ್‌ಸ್ಟ್ಯಾಂಡ್, ಅಂದರೆ ನಂಬರ್ ಇರುವ ಸೀಟು. ಇನ್ನೊಂದು ವಾಕ್‌ಅಬೌಟ್, ಅಂದರೆ ಒಳಗೆ ಬಿಡುತ್ತಾರೆ, ಜಾಗ ನೀವೇ ಹುಡುಕಿಕೊಳ್ಳಬೇಕು. ಸರ್ಕ್ಯೂಟನ್ನು ನಾಲ್ಕು ಜ಼ೋನ್ ಮಾಡಿರುತ್ತಾರೆ, ಕೆಲವು ವಾಕ್‌ಅಬೌಟ್ ಟಿಕೆಟ್ ನಾಲ್ಕರಲ್ಲೂ ಓಡಾಡಲು ಬಿಡುತ್ತವೆ, ಕೆಲವು ಪಡಾಂಗ್ ಮೈದಾನ ಇರುವ ನಾಲ್ಕನೇ ಜ಼ೋನಿಗೆ ಮಾತ್ರ. ಸ್ನೇಹಿತರ ಗುಂಪು, ಕಾಲು ಗಟ್ಟಿ ಇದೆ, ದುಡ್ಡು ಉಳಿಸಬೇಕು ಅಂದರೆ ವಾಕ್‌ಅಬೌಟ್ ಖಂಡಿತ ಸಾಕು. ಆದರೆ ಒಂದು ಮಾತು ತಿಳಿದಿರಲಿ. ಅಲ್ಲಿ ಹೆಚ್ಚಿನ ಕಡೆ ಬಲೆಯಂಥ ಬೇಲಿಯ ಆಚೆಗೆ ನೋಡುತ್ತೀರಿ, ಮತ್ತೆ ಭಾನುವಾರ ಒಳ್ಳೆ ಜಾಗ ಬೇಕಾದರೆ ಮಧ್ಯಾಹ್ನವೇ ಹೋಗಿ ನಿಂತಿರಬೇಕು. ಅಪ್ಪ ಅಮ್ಮನ ಜೊತೆ, ಮಕ್ಕಳ ಜೊತೆ ಹೋಗುವವರು ಗ್ರ್ಯಾಂಡ್‌ಸ್ಟ್ಯಾಂಡೇ ತಗೊಳ್ಳಿ.

ಯಾವ ಸ್ಟ್ಯಾಂಡ್? ಪಿಟ್ ಎದುರಿನದು ಎಲ್ಲರ ಕಣ್ಣಿಗೂ ಬೀಳುತ್ತದೆ. ಟೈರ್ ಬದಲಿಸುವುದು ಕಾಣುತ್ತದೆ ನಿಜ, ಆದರೆ ಕಾರು ಪೂರ್ತಿ ವೇಗದಲ್ಲಿ ಇರುವ ನೇರ ರಸ್ತೆ ಅದು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಂದೆ ಹೋಗಿರುತ್ತದೆ. ಮೊದಲ ಸಲ ಶುಕ್ರವಾರ ಪ್ರಾಕ್ಟೀಸ್ ನೋಡುವಾಗ ನನ್ನ ಪಕ್ಕ ಕೂತಿದ್ದ ತಮ್ಮ "ಅಣ್ಣಾ, ಬಂತಾ, ಹೋಯ್ತಾ?" ಅಂತ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ಹಾಗಾಗಿ ನನ್ನ ಸಲಹೆ, ಕಾರು ಜೋರಾಗಿ ಬ್ರೇಕ್ ಹಾಕುವ ತಿರುವು ಹುಡುಕಿ. ರಾಫಲ್ಸ್ ಬುಲೆವಾರ್ಡ್‌ನ ಉದ್ದನೆ ರಸ್ತೆ ಮುಗಿಯುವ ಏಳನೇ ತಿರುವು, ಸ್ಟ್ಯಾಮ್‌ಫೋರ್ಡ್ ಸ್ಟ್ಯಾಂಡ್ ಇರುವುದು ಅಲ್ಲಿ, ನನ್ನ ಲೆಕ್ಕದಲ್ಲಿ ಕೊಟ್ಟ ದುಡ್ಡಿಗೆ ಮೋಸ ಇಲ್ಲದ ಜಾಗ. ಹಿಂದಿಕ್ಕುವುದು ಜಾಸ್ತಿ ನಡೆಯುವುದೂ ಅಲ್ಲೇ. ಕತ್ತಲಾದ ಮೇಲೆ ಚಕ್ರದೊಳಗಿನ ಬ್ರೇಕ್ ಡಿಸ್ಕ್ ಒಲೆಯೊಳಗಿನ ಕೆಂಡದ ಹಾಗೆ ಕೆಂಪಗೆ ಹೊಳೆದು, ಕಾರು ತಿರುಗುತ್ತಿದ್ದಂತೆ ಮತ್ತೆ ಕಪ್ಪಾಗುತ್ತದೆ. ಟಿವಿಯಲ್ಲಿ ಎಷ್ಟೋ ಸಲ ನೋಡಿದ್ದೆ, ಎದುರಿಗೆ ಕಂಡಾಗ ಮೈ ಜುಮ್ ಅಂದಿತು. ಶುರುವಿನ ಗಲಾಟೆ ನೋಡಬೇಕು ಅನ್ನುವವರಿಗೆ ಒಂದು, ಎರಡನೇ ತಿರುವಿನ ಸ್ಟ್ಯಾಂಡ್. 2017ರಲ್ಲಿ ಮಳೆಯಲ್ಲಿ ವೆಟೆಲ್, ವೆರ್ಸ್ಟಾಪನ್, ರೈಕೊನೆನ್ ಮೂವರು ಚಾಲಕರೂ ಶುರುವಾದ ಕೆಲವೇ ಕ್ಷಣಗಳಲ್ಲಿ ಡಿಕ್ಕಿ ಹೊಡೆದುಕೊಂಡಿದ್ದು ಆ ಕಡೆಯೇ.

ಎಲ್ಲಿ ಕೂತರೂ ಎದುರಿಗೆ ದೊಡ್ಡ ಸ್ಕ್ರೀನ್ ಕಾಣಬೇಕು. ಇದನ್ನು ಒತ್ತಿ ಹೇಳುತ್ತೇನೆ. ಸುಮಾರು 4.9 ಕಿಲೋಮೀಟರ್ ಟ್ರ್ಯಾಕ್, 62 ಲ್ಯಾಪ್, ಅಂದರೆ 62 ಸುತ್ತು. ಒಂದು ಕಾರು ನಿಮ್ಮೆದುರು ಹಾದು ಹೋದರೆ ಮತ್ತೆ ಬರಲು ಒಂದೂವರೆ ನಿಮಿಷಕ್ಕಿಂತ ಜಾಸ್ತಿ ಬೇಕು. ಆ ನಡುವೆ ಕಥೆ ಎಲ್ಲಾ ಬೇರೆ ಕಡೆ ನಡೆಯುತ್ತಿರುತ್ತದೆ. 2023ರಲ್ಲಿ ನಾನು ಪಡಾಂಗ್ ಕಡೆ ಇದ್ದೆ. ಕೊನೆಯ ಲ್ಯಾಪ್‌ಗಳಲ್ಲಿ ಎಲ್ಲರಿಗಿಂತ ಮುಂದಿದ್ದ ಚಾಲಕ ಸೈನ್ಸ್ ಬೇಕಂತಲೇ ಹಿಂದಿದ್ದ ನಾರಿಸ್‌ನನ್ನು ಒಂದು ಸೆಕೆಂಡಿನ ಒಳಗೇ ಇಟ್ಟುಕೊಂಡು, ಅವನಿಗೆ ಡಿಆರ್‌ಎಸ್ (ಮುಂದಿನ ಕಾರಿಗೆ ಅಷ್ಟು ಹತ್ತಿರ ಇದ್ದರೆ ಹಿಂದಿನ ರೆಕ್ಕೆ ತೆರೆದು ವೇಗ ಹೆಚ್ಚಿಸಿಕೊಳ್ಳಲು ಆಗ ಇದ್ದ ಸೌಲಭ್ಯ) ಸಿಗುವ ಹಾಗೆ ಮಾಡಿ, ಹಿಂದಿನಿಂದ ಬರುತ್ತಿದ್ದ ಎರಡು ಮರ್ಸಿಡಿಸ್ ಅವನನ್ನು ದಾಟದಂತೆ ನೋಡಿಕೊಂಡ. ಸ್ಕ್ರೀನಿನಲ್ಲಿ ಅಂತರ ನೋಡದೇ ಇದ್ದಿದ್ದರೆ ನಮಗೆ ಇದು ಒಂದೂ ಗೊತ್ತಾಗುತ್ತಿರಲಿಲ್ಲ, ಸುಮ್ನೆ ನಾಲ್ಕು ಕಾರು ಹಾದು ಹೋದ ಹಾಗೆ ಇರುತ್ತಿತ್ತು. ಕೊನೆ ಲ್ಯಾಪ್‌ನಲ್ಲಿ ಮರ್ಸಿಡಿಸ್‌ನ ರಸೆಲ್ ಹತ್ತನೇ ತಿರುವಿನಲ್ಲಿ ಗೋಡೆಗೆ ಹೊಡೆದಾಗ ಇಡೀ ಸ್ಟ್ಯಾಂಡ್ ಎದ್ದು ನಿಂತಿತ್ತು.

ರೂಮಿನ ವಿಷಯ. ಟ್ರ್ಯಾಕ್ ಪಕ್ಕದ ಹೋಟೆಲ್‌ಗಳ ಬೆಲೆ ಆ ವಾರ ಆಕಾಶದಲ್ಲಿ ಇರುತ್ತದೆ, ಅದರ ಹಿಂದೆ ಬೀಳಬೇಡಿ. ಲಿಟಲ್ ಇಂಡಿಯಾದಲ್ಲಿ ಇಳಿದುಕೊಳ್ಳಿ. ಅಲ್ಲಿಂದ ಡೌನ್‌ಟೌನ್ ಲೈನ್ ಹತ್ತಿದರೆ ರೋಚೋರ್, ಬುಗಿಸ್, ಪ್ರೊಮೆನೇಡ್, ಮೂರನೇ ಸ್ಟೇಷನ್ನಿಗೆ ಟ್ರ್ಯಾಕ್ ಬಾಗಿಲು. ಸಿರಂಗೂನ್ ರೋಡ್‌ನಲ್ಲಿ ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಎದುರು ನಮ್ಮ ಎಂಟಿಆರ್ ಇದೆ, ರವೆ ಇಡ್ಲಿ ತುಪ್ಪ ಸಿಗುತ್ತದೆ. ಸಸ್ಯಾಹಾರಿಗಳಿಗೆ ಇದು ದೊಡ್ಡ ನೆಮ್ಮದಿ, ಯಾಕಂದರೆ ಸರ್ಕ್ಯೂಟ್ ಒಳಗೆ ಊಟ ದುಬಾರಿ, ಕ್ಯೂ ಉದ್ದ, ಆಯ್ಕೆ ಕಡಿಮೆ. ಹೊಟ್ಟೆ ತುಂಬಾ ತಿಂದೇ ಒಳಗೆ ಹೋಗಿ. ರೂಮ್ ಬುಕ್ ಮಾಡುವಾಗ ಉಚಿತವಾಗಿ ರದ್ದು ಮಾಡುವ ಸೌಲಭ್ಯ ಇರುವುದನ್ನೇ ನೋಡಿ.

ನಿಮ್ಮ ಟಿಕೆಟ್‌ನಲ್ಲಿ ಯಾವ ಗೇಟ್ ಅಂತ ಬರೆದಿರುತ್ತದೆ, ಅದಕ್ಕೆ ಹತ್ತಿರದ ಸ್ಟೇಷನ್ ಯಾವುದು ಅಂತ ಮೊದಲೇ ನೋಡಿಕೊಳ್ಳಿ. ಪ್ರೊಮೆನೇಡ್ ಅಲ್ಲದೆ ಸಿಟಿ ಹಾಲ್, ಎಸ್‌ಪ್ಲನೇಡ್, ನಿಕೋಲ್ ಹೈವೇ, ರಾಫಲ್ಸ್ ಪ್ಲೇಸ್ ಕೂಡ ಹತ್ತಿರವೇ. ರಸ್ತೆಗಳು ಮುಚ್ಚಿರುವುದರಿಂದ ತಪ್ಪು ಕಡೆ ಇಳಿದರೆ ಸುತ್ತು ಹಾಕಿ ಸಾಕಾಗುತ್ತದೆ. ಮೆಟ್ರೋಗೆ ಬೇರೆ ಕಾರ್ಡ್ ಬೇಕಿಲ್ಲ, ಟ್ಯಾಪ್ ಮಾಡುವ ವೀಸಾ ಅಥವಾ ಮಾಸ್ಟರ್‌ಕಾರ್ಡ್ ನಡೆಯುತ್ತದೆ. ರೈಲಿನಲ್ಲಿ ತಿನ್ನುವುದು, ಕುಡಿಯುವುದು ನಿಷಿದ್ಧ, ನೀರು ಕೂಡ. ವೇಪ್, ಅಂದರೆ ಇ-ಸಿಗರೇಟ್, ಇದ್ದರೆ ಮನೆಯಲ್ಲೇ ಬಿಟ್ಟು ಹೋಗಿ, ಅಲ್ಲಿ ಅದು ಅಪರಾಧ.

ವೀಸಾ ಬೇಕು. ಅಲ್ಲಿನವರು ಮಾನ್ಯ ಮಾಡಿದ ಏಜೆಂಟ್ ಮೂಲಕ ಅರ್ಜಿ ಹಾಕಬೇಕು, ಶುಲ್ಕ 30 ಸಿಂಗಪುರ ಡಾಲರ್, ಜೊತೆಗೆ ಏಜೆಂಟ್ ಚಾರ್ಜು. ಹೊರಡಲು ಒಂದು ತಿಂಗಳು ಇರುವಾಗ ಹಾಕಿ. ಪಾಸ್‌ಪೋರ್ಟ್‌ಗೆ ಆರು ತಿಂಗಳು ವಾಯಿದೆ ಇರಲಿ. ಸಿಂಗಪುರ ತಲುಪುವುದಕ್ಕೆ ಮುಂಚಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಅರೈವಲ್ ಕಾರ್ಡ್ ತುಂಬಬೇಕು. ಅದು ಉಚಿತ, ದುಡ್ಡು ಕೇಳುವ ವೆಬ್‌ಸೈಟ್ ಬಂದರೆ ಮುಚ್ಚಿಬಿಡಿ.

2026ರ ರೇಸ್ ಅಕ್ಟೋಬರ್ 9ರಿಂದ 11ರವರೆಗೆ, ಅದೂ ಸ್ಪ್ರಿಂಟ್ ವೀಕೆಂಡ್, ಮುಖ್ಯ ರೇಸಿನ ಜೊತೆ ಸ್ಪ್ರಿಂಟ್ ಅನ್ನುವ ಚಿಕ್ಕ ರೇಸೂ ಇರುತ್ತದೆ. ಅಂದರೆ ಶುಕ್ರವಾರವೇ ಸ್ಪ್ರಿಂಟ್ ಕ್ವಾಲಿಫೈಯಿಂಗ್ (ಯಾರು ಎಷ್ಟನೇ ಜಾಗದಿಂದ ಶುರು ಮಾಡಬೇಕು ಅಂತ ತೀರ್ಮಾನಿಸುವ ಓಟ), ಶನಿವಾರ ಸ್ಪ್ರಿಂಟ್ ಮತ್ತು ಮುಖ್ಯ ಕ್ವಾಲಿಫೈಯಿಂಗ್ ಎರಡೂ ಇರುತ್ತವೆ. ಹಾಗಾಗಿ ಗುರುವಾರ ರಾತ್ರಿಯ ವಿಮಾನ ಹತ್ತಿ ಶುಕ್ರವಾರ ನಿದ್ದೆಗಣ್ಣಲ್ಲಿ ಹೋಗುವುದು ಬೇಡ, ಬುಧವಾರ ರಾತ್ರಿ ಹೊರಡಿ. ಅಲ್ಲಿ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ರೇಸ್ ರಾತ್ರಿ 8ಕ್ಕೆ, ಅಂದರೆ ನಮ್ಮ ಸಂಜೆ ಐದೂವರೆ. ರೇಸ್ ತಂಡದವರೆಲ್ಲ ಆ ವಾರ ಯುರೋಪಿನ ಸಮಯದಲ್ಲೇ ಇರುತ್ತಾರೆ, ಬೆಳಗಿನ ಜಾವ ಮಲಗಿ ಮಧ್ಯಾಹ್ನ ಏಳುತ್ತಾರೆ. ನೀವೂ ಹಾಗೇ ಮಾಡಿ. ಬೆಳಗ್ಗೆಯೆಲ್ಲ ಸೆಂಟೋಸಾ ಸುತ್ತಿ ಬಂದವರು ರಾತ್ರಿ ನಲವತ್ತನೇ ಲ್ಯಾಪ್‌ಗೆ ತೂಕಡಿಸುವುದನ್ನು ನೋಡಿದ್ದೇನೆ. ಸುತ್ತಾಟ ಎಲ್ಲಾ ಗುರುವಾರ ಮುಗಿಸಿಬಿಡಿ.

ಸೆಕೆ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ನಮ್ಮ ಮಂಗಳೂರಿನ ಮೇ ತಿಂಗಳು ನೆನಪಿಸಿಕೊಳ್ಳಿ, ರಾತ್ರಿಯೂ ಹಾಗೇ. 2025ರಲ್ಲಿ ಚಾಲಕರಿಗೇ ಅಪಾಯದ ಸೆಕೆ ಅಂತ ರೇಸಿನ ನಿಯಮ ಮಾಡುವ ಸಂಸ್ಥೆ ಎಫ್‌ಐಎ ಮೊದಲ ಬಾರಿಗೆ ಅಧಿಕೃತವಾಗಿ ಸಾರಿದ್ದು ಇದೇ ರೇಸಿನಲ್ಲಿ. ಜೀನ್ಸ್ ಬೇಡ, ತೆಳು ಹತ್ತಿ ಬಟ್ಟೆ ಹಾಕಿ. ಕಾಲಿಗೆ ಹೊಸ ಶೂ ಬೇಡ. ಮಳೆ ಯಾವಾಗ ಬೇಕಾದರೂ ಬರುತ್ತದೆ, 2022ರಲ್ಲಿ ಮಳೆಯಿಂದ ರೇಸ್ ಒಂದು ಗಂಟೆಗೂ ಹೆಚ್ಚು ತಡವಾಗಿತ್ತು. ಕೊಡೆ ಬಿಚ್ಚಿದರೆ ಹಿಂದಿನವರಿಗೆ ಕಾಣುವುದಿಲ್ಲ, ಮಡಚಿ ಜೇಬಲ್ಲಿ ಇಡುವ ಪ್ಲಾಸ್ಟಿಕ್ ರೇನ್‌ಕೋಟ್ ತಗೊಂಡು ಹೋಗಿ. ಕಿವಿಗೆ ಇಯರ್‌ಪ್ಲಗ್ ಇರಲಿ, ಮಕ್ಕಳಿದ್ದರೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್. ಒಳಗೆ ಏನೇನು ಬಿಡುವುದಿಲ್ಲ ಅನ್ನುವ ಪಟ್ಟಿ ವೆಬ್‌ಸೈಟಿನಲ್ಲಿದೆ, ಹೊರಡುವ ಮುನ್ನ ಓದಿ. ಮೊಬೈಲ್ ನೆಟ್‌ವರ್ಕ್ ಆ ಜನಸಂದಣಿಯಲ್ಲಿ ಕೈ ಕೊಡುತ್ತದೆ, ಹಾಗಾಗಿ ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ.

ನಮ್ಮ ಬೆಂಗಳೂರಿನ ಹುಡುಗ ಕುಶ್ ಮೈನಿಯನ್ನು ನೋಡುವ ಆಸೆಯಿಂದ ಹೋಗುವವರಿಗೆ ಒಂದು ಮಾತು, ಅವನು ಓಡಿಸುತ್ತಾ ಬಂದಿರುವ, ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಫಾರ್ಮುಲಾ ಟು ಸಿಂಗಪುರಕ್ಕೆ ಬರುವುದಿಲ್ಲ.

ದುಡ್ಡಿಗೆ ಫಾರೆಕ್ಸ್ ಕಾರ್ಡ್ ಮಾಡಿಸಿಕೊಂಡರೆ ಒಳ್ಳೆಯದು, ನಮ್ಮ ಎಷ್ಟೋ ಕ್ರೆಡಿಟ್ ಕಾರ್ಡ್‌ಗಳು ಹೊರದೇಶದ ಖರ್ಚಿಗೆ 3.5 ಪರ್ಸೆಂಟ್‌ವರೆಗೆ ಸೇರಿಸುತ್ತವೆ.

ಕೊನೆಯದು, ನಾನು ಮೊದಲ ಸಲ ಕಳೆದುಕೊಂಡದ್ದು. ಭಾನುವಾರ ರೇಸ್ ಮುಗಿದು ಕಾರುಗಳೆಲ್ಲ ಒಳಗೆ ಹೋದ ಮೇಲೆ ಬೇಲಿಯ ಗೇಟು ತೆರೆದು ಜನರನ್ನು ಟ್ರ್ಯಾಕ್ ಮೇಲೆ ಬಿಡುತ್ತಾರೆ. ಎಲ್ಲರೂ ಒಂದೇ ಸಲ ಸ್ಟೇಷನ್ ಕಡೆ ನುಗ್ಗುವಾಗ ನೀವು ಆ ಕಡೆ ಹೋಗಬೇಡಿ, ಟ್ರ್ಯಾಕ್‌ಗೆ ಇಳಿಯಿರಿ. ದೀಪಗಳು ಇನ್ನೂ ಹಗಲಿನ ಹಾಗೆ ಉರಿಯುತ್ತಿರುತ್ತವೆ. ನೆಲ ಬೆಚ್ಚಗಿರುತ್ತದೆ, ಚಪ್ಪಲಿ ಅಂಟಿ ಅಂಟಿ ಬರುತ್ತದೆ. ಟಿವಿಯಲ್ಲಿ ಸಮತಟ್ಟಾಗಿ ಕಾಣುವ ರಸ್ತೆಯಲ್ಲಿ ಎಷ್ಟು ಏರಿಳಿತ, ಎಷ್ಟು ಬಿಳಿ ಗೆರೆ, ಗೋಡೆ ಎಷ್ಟು ಹತ್ತಿರ ಅಂತ ಆಗ ಗೊತ್ತಾಗುತ್ತದೆ. ಆಂಡರ್ಸನ್ ಸೇತುವೆ ಮೇಲೆ ನಿಂತು ನೋಡಿ, ಆ ಇಕ್ಕಟ್ಟಿನಲ್ಲಿ ಅವರು ಎಷ್ಟು ವೇಗದಲ್ಲಿ ನುಗ್ಗುತ್ತಾರೆ ಅಂತ ನೆನೆದರೆ ಎದೆ ಝಲ್ ಅನ್ನುತ್ತದೆ. ತಿರುವಿನ ಹೊರಗಡೆ ಟೈರಿನಿಂದ ಕಿತ್ತು ಬಂದ ರಬ್ಬರ್ ಕರಿ ಕರಿ ಸುರುಳಿಯಾಗಿ ಬಿದ್ದಿರುತ್ತದೆ, ಬೆರಳಲ್ಲಿ ಒತ್ತಿದರೆ ಇನ್ನೂ ಮೆತ್ತಗಿರುತ್ತದೆ. ಒಂದೆರಡು ಎತ್ತಿಕೊಳ್ಳಿ. ಅದಕ್ಕೆ ಚಿಕ್ಕದೊಂದು ಪ್ಲಾಸ್ಟಿಕ್ ಕವರ್ ಜೇಬಲ್ಲಿ ಇಟ್ಟುಕೊಂಡಿರಿ, ಬಟ್ಟೆಗೆ ಅಂಟಿದರೆ ಹೋಗುವುದಿಲ್ಲ. ವಾಪಸ್ ವಿಮಾನ ಸೋಮವಾರ ಸಂಜೆಯದ್ದು ಮಾಡಿ.