ಆರು ಡಿಗ್ರಿ ತಪ್ಪು

ನೌಕಾ ಅಕಾಡೆಮಿಯಲ್ಲಿ ಮೊದಲ ವರ್ಷ ಕಷ್ಟ ಅಂದರೆ ಡ್ರಿಲ್, ಓಟ, ಈಜು ಅಂದುಕೊಂಡು ಹೋಗಿದ್ದೆ. ಮೈ ಹೇಗೋ ಪಳಗಿತು. ನನ್ನನ್ನು ಸುಸ್ತು ಮಾಡಿದ್ದು ಕ್ಲಾಸು. ಶಾಲೆಯಲ್ಲಿ ಗಣಿತಕ್ಕೆ ಹೆದರದಿದ್ದವನು ಮೊದಲ ಟೆಸ್ಟಿನಲ್ಲಿ ಕ್ಯಾಲ್ಕುಲಸ್ ಫೇಲಾದೆ. ನ್ಯಾವಿಗೇಷನ್‌ನಲ್ಲಿ ಕೂದಲೆಳೆಯಲ್ಲಿ ಪಾಸು.

ಅರ್ಧ ತಪ್ಪು ನಿದ್ದೆಯದು. ಕತ್ತಲಲ್ಲೇ ಎದ್ದು ಪಿಟಿ ಮುಗಿಸಿ ಬಂದು ಬೆಂಚಿನ ಮೇಲೆ ಕೂತರೆ ಕಣ್ಣು ತಾನಾಗಿ ಮುಚ್ಚುತ್ತದೆ. ಅಕ್ಷರ ಸಾಲು ಬಿಟ್ಟು ಕೆಳಗೆ ಜಾರಿದ ನೋಟ್ಸಿನ ಪುಟಗಳು ಈಗಲೂ ನನ್ನ ಹತ್ತಿರ ಇವೆ. ಆಮೇಲೆ ತೂಕಡಿಕೆ ಬಂದ ಕೂಡಲೇ ಎದ್ದು ಹೋಗಿ ಹಿಂದಿನ ಗೋಡೆ ಪಕ್ಕ ನಿಂತು ಬರೆದುಕೊಳ್ಳತೊಡಗಿದೆ. ಯಾರೂ ನಗಲಿಲ್ಲ. ಅಲ್ಲಿ ಆಗಲೇ ಇಬ್ಬರು ನಿಂತಿರುತ್ತಿದ್ದರು!

ಸಂಜೆ ಹೊತ್ತು ಇನ್‌ಸ್ಟ್ರಕ್ಟರ್ ಸಿಗುತ್ತಾರೆ, ಡೌಟ್ ಇದ್ದರೆ ಹೋಗಿ ಅಂತ ಮೊದಲೇ ಹೇಳಿದ್ದರು. 'ಇವನು ವೀಕು' ಅನ್ನಿಸಿಕೊಳ್ಳೋದು ಬೇಡ ಅಂತ ಆರು ವಾರ ಆ ಕಡೆ ತಲೆ ಹಾಕಲಿಲ್ಲ. ಟೆಸ್ಟ್ ಆದ ಮೇಲೆ ಹೋಗಲೇಬೇಕಾಯಿತು. "ಸರ್, ಕಂಪಾಸ್ ಲೆಕ್ಕ ಏನೂ ಅರ್ಥ ಆಗ್ತಿಲ್ಲ" ಅಂದೆ. "ಏನೂ ಅಂದ್ರೆ ನಾನು ಎಲ್ಲಿಂದ ಶುರು ಮಾಡಲಿ? ನೀನು ಮಾಡಿದ ಲೆಕ್ಕ ತಗೊಂಡು ಬಾ. ತಪ್ಪಿದ್ರೂ ಪರವಾಗಿಲ್ಲ" ಅಂತ ವಾಪಸ್ ಕಳಿಸಿದರು. ಸಿಟ್ಟು ಬಂತು. ಆದರೂ ಮರುದಿನ ಹಾಳೆ ಹಿಡಿದು ಹೋದೆ.

ಚಾರ್ಟಿನ (ಸಮುದ್ರದ ನಕ್ಷೆಯ) ಮೇಲೆ ಎಳೆದ ನಿಜವಾದ ಕೋರ್ಸ್, ಅಂದರೆ ನಿಜವಾದ ಉತ್ತರದಿಂದ ಅಳೆದ ದಿಕ್ಕು, 070 ಡಿಗ್ರಿ. ವೇರಿಯೇಷನ್ (ನಿಜವಾದ ಉತ್ತರಕ್ಕೂ ಕಾಂತೀಯ ಉತ್ತರಕ್ಕೂ ಇರುವ ವ್ಯತ್ಯಾಸ) 5 ಡಿಗ್ರಿ ಪಶ್ಚಿಮ, ಡೀವಿಯೇಷನ್ (ಹಡಗಿನ ಕಬ್ಬಿಣದಿಂದ ಕಂಪಾಸಿಗೆ ಬರುವ ತಪ್ಪು) 2 ಡಿಗ್ರಿ ಪೂರ್ವ. ಚುಕ್ಕಾಣಿ ಹಿಡಿದವನಿಗೆ ಕಂಪಾಸಿನ ಯಾವ ಅಂಕಿ ಹೇಳಬೇಕು? ನಾನು 067 ಬರೆದಿದ್ದೆ. ಸರ್ ನೋಡಿದ ತಕ್ಷಣ ಹೇಳಿದರು: "ಕೂಡೋದು ಕಳೆಯೋದು ಸರಿ ಇದೆ. ಆದ್ರೆ ಕಂಪಾಸಿನಿಂದ ಚಾರ್ಟಿಗೆ ಹೋಗೋ ನಿಯಮ ಹಾಕಿದ್ದೀಯ. ನೀನು ಬರ್ತಿರೋದು ಚಾರ್ಟಿನಿಂದ ಕಂಪಾಸಿಗೆ." ಈ ಕಡೆ ಬರುವಾಗ ಪಶ್ಚಿಮ ಕೂಡಬೇಕು, ಪೂರ್ವ ಕಳೆಯಬೇಕು. 075, ಅದರಿಂದ 073. ನಂದು ಎರಡೂ ಉಲ್ಟಾ.

ಆಮೇಲೆ ಚಾರ್ಟಿನ ಮೇಲೆ ದೂರ ಅಳೆಯುವ ಎರಡು ಮೊನೆಯ ಡಿವೈಡರ್ ಕೈಗೆ ಕೊಟ್ಟು, ಆ ಆರು ಡಿಗ್ರಿ ತಪ್ಪಿನಲ್ಲೇ ಹಡಗನ್ನು 10 ನಾಟಿಕಲ್ ಮೈಲಿ ಓಡಿಸು ಅಂದರು. ಎಳೆದು ನೋಡಿದರೆ ಸುಮಾರು ಒಂದು ಮೈಲಿ, ಅಂದರೆ 1852 ಮೀಟರ್, ಎಡಕ್ಕೆ ಹೋಗಿದ್ದೆ. ಅಲ್ಲೊಂದು ಬಂಡೆಯ ಗುರುತಿತ್ತು. ನಾನು ದೂರ ಅಳೆಯಲು ಡಿವೈಡರನ್ನು ಚಾರ್ಟಿನ ಕೆಳಗಿನ ಅಂಚಿಗೆ ಒಯ್ದಾಗ ಸರ್ ಕೈ ಹಿಡಿದು ಪಕ್ಕದ ಅಂಚಿಗೆ ತಂದಿಟ್ಟರು. ಮೈಲಿ ಅಳೆಯೋದು ಅಕ್ಷಾಂಶದ ಅಂಚಿನಲ್ಲಿ. ಅಲ್ಲಿ ಒಂದು ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಭಾಗ) ಅಂದರೆ ಒಂದು ನಾಟಿಕಲ್ ಮೈಲಿ. ಇದು ನನಗೆ ಗೊತ್ತಿಲ್ಲ ಅನ್ನೋದೇ ನನಗೆ ಗೊತ್ತಿರಲಿಲ್ಲ.

ಅಂದಿನಿಂದ ಖಾಲಿ ಕೈಯಲ್ಲಿ ಹೋಗಲಿಲ್ಲ. ಅರ್ಧ ಗಂಟೆ ಒದ್ದಾಡಿ, ಸಿಕ್ಕಿಹಾಕಿಕೊಂಡ ಸಾಲಿಗೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಕ್ಯಾಲ್ಕುಲಸ್ ಹಾಳೆಗಳಲ್ಲಿ ಈ ಸುತ್ತುಗಳು ಜಾಸ್ತಿ ಬಿದ್ದದ್ದು ಎಲ್ಲಿ ಗೊತ್ತಾ? ಭಿನ್ನರಾಶಿ, ತ್ರಿಕೋನಮಿತಿ. ಎರಡೂ ಶಾಲೆಯ ಪಾಠಗಳೇ. ಅದನ್ನು ಸರ್ ಹತ್ತಿರ ಕೇಳೋಕೆ ನಾಚಿಕೆ. ಒಬ್ಬ ಸೀನಿಯರ್ ಎರಡು ಭಾನುವಾರ ಕೂತು ಹೇಳಿಕೊಟ್ಟರು.

ಗುಂಪಿನಲ್ಲಿ ಓದೋದು ನನಗೆ ಒಗ್ಗಲಿಲ್ಲ. ಐದು ಜನ ಸೇರಿದರೆ ಹರಟೆ. ಇಬ್ಬರಾದರೆ ಸರಿ. ಡಿಕ್ಕಿ ತಪ್ಪಿಸುವ 1972ರ ಅಂತಾರಾಷ್ಟ್ರೀಯ ನಿಯಮಗಳನ್ನು ನಾನೂ ರೂಮ್‌ಮೇಟೂ ರಬ್ಬರು, ಶಾರ್ಪನರು ಇಟ್ಟುಕೊಂಡು ಕಲಿತೆವು. ಡಿಕ್ಕಿ ಆಗೋ ಹಾಗೆ ಒಂದರ ದಾರಿಗೆ ಇನ್ನೊಂದು ಅಡ್ಡ ಬರುವ ಎರಡು ಯಂತ್ರಚಾಲಿತ ಹಡಗುಗಳಲ್ಲಿ ಯಾವುದು ಇನ್ನೊಂದನ್ನು ತನ್ನ ಬಲಗಡೆ ನೋಡುತ್ತದೋ ಅದೇ ದಾರಿ ಬಿಡಬೇಕು. ಟೇಬಲ್ ಮೇಲೆ ಹತ್ತು ಸಲ ಡಿಕ್ಕಿ ಹೊಡೆಸಿದ ಮೇಲೆ ಇದು ಬಾಯಿಪಾಠ ಮಾಡದೆಯೇ ತಲೆಗೆ ಹೋಯಿತು.

ಒಂದು ಎಚ್ಚರ. ಹೋಮ್‌ವರ್ಕಿಗೆ ಇನ್ನೊಬ್ಬರ ಸಹಾಯ ಎಷ್ಟರ ಮಟ್ಟಿಗೆ ನಡೆಯುತ್ತದೆ ಅಂತ ಮೊದಲೇ ಕೇಳಿಕೊಳ್ಳಿ. ಯಾರು ಹೇಳಿಕೊಟ್ಟರು ಅಂತ ಹಾಳೆಯ ಕೆಳಗೇ ಬರೆಯುತ್ತಿದ್ದೆ. ಇಂಥ ಕಡೆ ಕಾಪಿ ಅನ್ನೋ ಅನುಮಾನ ಫೇಲಿಗಿಂತ ದುಬಾರಿ.

ಎರಡನೇ ಟೆಸ್ಟಿನಲ್ಲಿ ಕ್ಯಾಲ್ಕುಲಸ್ ಪಾಸಾಯಿತು, ನ್ಯಾವಿಗೇಷನ್ ಚೆನ್ನಾಗೇ ಆಯಿತು. ಫಿಸಿಕ್ಸ್ ಲ್ಯಾಬ್ ರಿಪೋರ್ಟ್ ಮಾತ್ರ ವರ್ಷವಿಡೀ ಕೊನೇ ರಾತ್ರಿಯೇ ಬರೆದೆ. ಅದಕ್ಕೆ ಯಾವ ಸರ್ ಹತ್ತಿರವೂ ಮದ್ದಿರಲಿಲ್ಲ.