ಸೆಮಿನಾರ್ ಕೊಡುವುದು, ಅಭಿಪ್ರಾಯದ ಚೀಟಿ ಬರೆಯುವುದು: ನನ್ನ ಅನುಭವ

ನಮ್ಮ ಎಂ.ಕಾಂ. ತರಗತಿಯಲ್ಲಿ ಸೆಮಿನಾರ್ ಅಂದ್ರೆ ಹೆಚ್ಚಿನವರಿಗೆ ಪಿಪಿಟಿ ಮಾಡುವ ಕೆಲಸ. ವಿಷಯ ಸಿಕ್ಕಿದ ರಾತ್ರಿಯೇ ಟೆಂಪ್ಲೇಟ್ ಹುಡುಕುತ್ತಾರೆ, ಬಣ್ಣ ಆರಿಸುತ್ತಾರೆ, ಕೊನೆಯ ಸ್ಲೈಡಿಗೆ ಹೂವಿನ ಚಿತ್ರ ಹಾಕಿ 'ಥ್ಯಾಂಕ್ ಯೂ' ಬರೆಯುತ್ತಾರೆ. ಏನು ಹೇಳಬೇಕು ಅನ್ನುವುದು ಮಾತ್ರ ಇನ್ನೂ ಗೊತ್ತಿರುವುದಿಲ್ಲ. ನಾನು ಲ್ಯಾಪ್‌ಟಾಪ್ ತೆರೆಯುವುದು ಎಲ್ಲಕ್ಕಿಂತ ಕೊನೆಗೆ. ಕೇಳಿದವರಿಗೆ ಸಂಜೆ ಬಸ್ಸಿನಲ್ಲಿ ಕೂತಾಗಲೂ ನೆನಪಿರಬೇಕಾದ ಒಂದು ಸಂಗತಿ ಯಾವುದು? ಅದು ಮೊದಲು ಗೊತ್ತಾಗಬೇಕು.

ಕಳೆದ ಸಲ ನನಗೆ ಸಿಕ್ಕಿದ್ದು ಕರಾವಳಿಯಲ್ಲಿ ಹುಟ್ಟಿದ ಬ್ಯಾಂಕುಗಳು. ಮಂಗಳೂರಿನಲ್ಲಿ ಇದ್ದುಕೊಂಡು ಇದಕ್ಕೆ ಸಾಮಗ್ರಿ ಕಡಿಮೆ ಅನ್ನುವ ಹಾಗೇ ಇಲ್ಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರು ಶುರು ಮಾಡಿದ್ದು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರ ಕೆನರಾ. 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಉಡುಪಿಯ ಸಿಂಡಿಕೇಟ್, 1931ರಲ್ಲಿ ವಿಜಯಾ. ಐದರಲ್ಲಿ ನಾಲ್ಕು ಸರ್ಕಾರದ ಕೈಗೆ ಹೋದವು, ಎರಡು 1969ರಲ್ಲಿ, ಎರಡು 1980ರಲ್ಲಿ. 2019 ಮತ್ತು 2020ರ ವಿಲೀನದಲ್ಲಿ ಮೂರು ಹೆಸರುಗಳು ಬೋರ್ಡಿನಿಂದಲೇ ಅಳಿಸಿಹೋದವು. ಇಷ್ಟೆಲ್ಲ ಸಾಲದ್ದಕ್ಕೆ ನಮ್ಮ ಬಸ್ ನಿಲ್ದಾಣದ ಹೆಸರೂ ಸ್ಟೇಟ್ ಬ್ಯಾಂಕ್!

ಬ್ಯಾಂಕಿಗೊಂದು ಸ್ಲೈಡು ಮಾಡಿ ಓದಿದರೆ ಹದಿನೈದು ನಿಮಿಷ ಸಲೀಸಾಗಿ ತುಂಬುತ್ತದೆ. ಆದರೆ ಇಸವಿಗಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಹಾಗಾಗಿ ಐದನ್ನೂ ಒಂದೇ ಸ್ಲೈಡಿನಲ್ಲಿ ಮುಗಿಸಿದೆ. ಉಳಿದ ಸಮಯವೆಲ್ಲ ಪಿಗ್ಮಿಗೆ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯಕ್ಕೆ.

ಪಿಗ್ಮಿ ನಮ್ಮ ಕಡೆಯವರಿಗೆ ಹೊಸದಲ್ಲ. ದೊಡ್ಡಮ್ಮನ ಅಂಗಡಿಗೆ ಈಗಲೂ ಸಂಜೆ ಹೊತ್ತಿಗೆ ಪಿಗ್ಮಿಯವರು ಬರುತ್ತಾರೆ, ಪುಟ್ಟ ಮಿಷನ್ನಿನಿಂದ ಚೀಟಿ ಹರಿದು ಕೊಡುತ್ತಾರೆ. ಇದು 1928ರಲ್ಲಿ ಸಿಂಡಿಕೇಟಿನವರು ಶುರು ಮಾಡಿದ್ದು. ಆಗ ಬ್ಯಾಂಕಿನ ಹೆಸರು ಕೆನರಾ ಇಂಡಸ್ಟ್ರಿಯಲ್ ಆಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಕೈಮಗ್ಗದವರು ಕಷ್ಟದಲ್ಲಿದ್ದ ಕಾಲದಲ್ಲಿ ಅವರಿಗೆ ನೆರವಾಗಲು, ಬರೇ 8,000 ರೂಪಾಯಿ ಬಂಡವಾಳದಲ್ಲಿ ಹುಟ್ಟಿದ ಬ್ಯಾಂಕು ಅದು. ಮನೆ ಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕಟ್ಟಿಸಿಕೊಳ್ಳುತ್ತಿದ್ದರು.

ಎರಡಾಣೆ ಅಂದಾಗ ನಮ್ಮ ವಯಸ್ಸಿನವರಿಗೆ ಏನೂ ಅನಿಸುವುದಿಲ್ಲ. ಅದಕ್ಕೇ ಸ್ಲೈಡು ಬಿಟ್ಟು ಬೋರ್ಡಿನಲ್ಲಿ ಲೆಕ್ಕ ಹಾಕಿದೆ. ರೂಪಾಯಿಗೆ ಹದಿನಾರಾಣೆ. ದಿನಕ್ಕೆ ಎರಡಾದರೆ ಮೂವತ್ತು ದಿನಕ್ಕೆ ಅರವತ್ತಾಣೆ, ಅಂದರೆ 3 ರೂಪಾಯಿ 12 ಆಣೆ. ವರ್ಷಕ್ಕೆ 730 ಆಣೆ, 45 ರೂಪಾಯಿ 10 ಆಣೆ. ಬಡ್ಡಿ ಬೇರೆ. ಲೆಕ್ಕವನ್ನು ನಾನೇ ಪೂರ್ತಿ ಮಾಡದೆ, '730ನ್ನು 16ರಿಂದ ಭಾಗಿಸಿ' ಎಂದು ತರಗತಿಗೇ ಬಿಟ್ಟೆ. ಮೊಬೈಲು ನೋಡುತ್ತಿದ್ದವರು ಕೂಡ ಅದೇ ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೆರೆದರು.

ಬೋರ್ಡು ನಂಬುವುದಕ್ಕೆ ಇನ್ನೊಂದು ಕಾರಣವೂ ಉಂಟು. ನಮ್ಮ ಕ್ಲಾಸು ಇರುವುದು ಮೇಲಿನ ಮಹಡಿಯಲ್ಲಿ, ತಲೆಯ ಮೇಲೆ ಶೀಟು. ಜುಲೈಯಲ್ಲಿ ಮಳೆ ಹೊಡೆದರೆ ಹಿಂದಿನ ಬೆಂಚಿಗೆ ಒಂದಕ್ಷರ ಕೇಳಿಸುವುದಿಲ್ಲ. ಕರೆಂಟು ಯಾವಾಗ ಹೋಗುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ. ಪ್ರೊಜೆಕ್ಟರ್ ಇಲ್ಲದೆಯೂ ಹೇಳಬಹುದಾದ ಹಾಗೆ ತಯಾರಾಗಿದ್ದರೆ ಎದೆ ಅಷ್ಟು ಹೊಡೆದುಕೊಳ್ಳುವುದಿಲ್ಲ. ಮಳೆ ಜೋರಾದಾಗ ಕಿರುಚುವುದಕ್ಕಿಂತ ಸುಮ್ನೆ ನಿಂತು, ಮುಖ್ಯವಾದ ಎರಡು ಸಾಲು ಬೋರ್ಡಿನಲ್ಲಿ ಬರೆಯುವುದು ಒಳ್ಳೆಯದು.

ಅಭ್ಯಾಸ ಮಾಡುವುದು ಮಾತ್ರ ಕನ್ನಡಿಯ ಮುಂದೆ ಅಲ್ಲ. ಕನ್ನಡಿ ಪ್ರಶ್ನೆ ಕೇಳುವುದಿಲ್ಲವಲ್ಲ! ದೊಡ್ಡಮ್ಮ ತರಕಾರಿ ಹೆಚ್ಚುವಾಗ ಪಕ್ಕದಲ್ಲಿ ಕೂತು ಇಡೀ ಸೆಮಿನಾರನ್ನು ತುಳುವಿನಲ್ಲಿ ಹೇಳಿದೆ. ಸ್ಲೈಡಿನ ಭಾಷೆಯಲ್ಲಿ ಅಡಗಿಕೊಳ್ಳಲು ಅಲ್ಲಿ ಜಾಗ ಇಲ್ಲ. ಅವರ ಮೊದಲ ಪ್ರಶ್ನೆ, "ನಡುವೆ ದುಡ್ಡು ಬೇಕಾದ್ರೆ ಕೊಡ್ತಾರಾ?" ತರಗತಿಯಲ್ಲೂ ಮೊದಲು ಬಂದದ್ದು ಇದೇ ಪ್ರಶ್ನೆ. ಉತ್ತರವನ್ನು ಪಿಗ್ಮಿಯವರ ಹತ್ತಿರವೇ ಕೇಳಿಟ್ಟುಕೊಂಡಿದ್ದೆ.

ಇನ್ನು ಬೇರೆಯವರ ಸೆಮಿನಾರಿಗೆ ಅಭಿಪ್ರಾಯ ಹೇಳುವ ವಿಷಯ. ಇದು ತಯಾರಿಗಿಂತ ಕಷ್ಟ. ಮುಗಿದ ಕೂಡಲೇ ಮೇಡಂ "ಎನಿ ಕಮೆಂಟ್ಸ್?" ಅಂತ ಕೇಳುತ್ತಾರೆ. ಬರುವ ಉತ್ತರ ಎರಡೇ: "ಚೆನ್ನಾಗಿತ್ತು", ಇಲ್ಲವೇ "ಸ್ವಲ್ಪ ಜೋರಾಗಿ ಮಾತಾಡಬಹುದಿತ್ತು". ಎರಡರಿಂದಲೂ ಹೇಳಿದವರಿಗೆ ಖರ್ಚಿಲ್ಲ, ಕೇಳಿದವರಿಗೆ ಲಾಭ ಇಲ್ಲ. ಮೊದಲು ಹೊಗಳಿ, ನಡುವೆ ತಪ್ಪು ಹೇಳಿ, ಮತ್ತೆ ಹೊಗಳಿ ಮುಗಿಸಬೇಕು ಅಂತ ಒಂದು ಪಾಠ ಹೇಳಿಕೊಡುತ್ತಾರಲ್ವಾ? ನನಗದು ಹಿಡಿಸುವುದಿಲ್ಲ. ಕೇಳುವವರು ಹೊಗಳಿಕೆ ಮುಗಿದು 'ಆದರೆ' ಯಾವಾಗ ಬರುತ್ತದೆ ಅಂತ ಕಾಯುತ್ತಾ ಕೂತಿರುತ್ತಾರೆ.

ನನಗೆ ದಾರಿ ಸಿಕ್ಕಿದ್ದು ಯಕ್ಷಗಾನದ ತಾಳಮದ್ದಳೆಯಿಂದ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಮಾತು. ಒಬ್ಬ ಒಳ್ಳೆಯ ಅರ್ಥಧಾರಿ, ಅಂದರೆ ಪಾತ್ರದ ಮಾತು ಆಡುವವನು, ತನ್ನ ವಾದಕ್ಕೆ ಇಳಿಯುವ ಮೊದಲು ಎದುರಿನವನ ಮಾತನ್ನೇ ಎತ್ತಿಕೊಳ್ಳುತ್ತಾನೆ: "ನೀನು ಹೀಗೆ ಹೇಳಿದೆಯಲ್ಲ". ನಾನೂ ಹಾಗೇ ಮಾಡುತ್ತೇನೆ. ಕೇಳುತ್ತಿರುವಾಗಲೇ ಒಂದು ಚೀಟಿಯಲ್ಲಿ ನನಗೆ ಅರ್ಥ ಆದದ್ದನ್ನು ಬರೆಯುತ್ತೇನೆ. ಅದರ ಕೆಳಗೆ ಅರ್ಥ ಆಗದ ಒಂದು ಜಾಗ, ಸ್ಲೈಡ್ ನಂಬರಿನ ಸಮೇತ.

ನನ್ನ ಗೆಳತಿ ಜಿಎಸ್‌ಟಿ ಬಗ್ಗೆ ಮಾತಾಡಿದಾಗ ಕೊಟ್ಟ ಚೀಟಿ ಹೀಗಿತ್ತು: "ಅರ್ಥ ಆದದ್ದು: ಅಂಗಡಿಯವರು ಮಾಲು ತರುವಾಗ ಕಟ್ಟಿದ ತೆರಿಗೆಯನ್ನು, ಮಾರಿದಾಗ ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಬಹುದು. ಅರ್ಥ ಆಗದ್ದು: ನಾಲ್ಕನೇ ಸ್ಲೈಡಿನಲ್ಲಿ ಶೇ. 18 ಇತ್ತು, ಐದರಲ್ಲಿ ಶೇ. 9 ಆಯಿತು. ಯಾಕೆ?" ಅವಳು ಓದಿ ನಕ್ಕಳು. "ಕೇಂದ್ರಕ್ಕೆ ಒಂಬತ್ತು, ರಾಜ್ಯಕ್ಕೆ ಒಂಬತ್ತು ಮಾರಾಯ್ತಿ, ಅದು ಎಲ್ರಿಗೂ ಗೊತ್ತುಂಟಲ್ಲ!" ಪಕ್ಕದ ಬೆಂಚಿನವನು "ನನಗೆ ಗೊತ್ತಿರಲಿಲ್ಲ" ಅಂದ. ಮುಂದಿನ ಸಲ ಆ ಒಂದು ಸಾಲು ಸ್ಲೈಡಿಗೆ ಸೇರಿತು. "ಸರಿಯಾಗಿ ವಿವರಿಸಲಿಲ್ಲ" ಅಂತ ಬರೆದಿದ್ದರೆ ಅವಳಿಗೆ ಬೇಜಾರಾಗುತ್ತಿತ್ತು, ಎಲ್ಲಿ ಸರಿಮಾಡಬೇಕು ಅಂತ ತಿಳಿಯುತ್ತಲೂ ಇರಲಿಲ್ಲ.

ಚೀಟಿಯಲ್ಲಿ ಉಚ್ಚಾರಣೆಯ ಬಗ್ಗೆ ಬರೆಯುವುದಿಲ್ಲ. ನಮ್ಮ ಕ್ಲಾಸಿನಲ್ಲಿ ಮನೆಮಾತು ತುಳು, ಕೊಂಕಣಿ, ಬ್ಯಾರಿ ಆಗಿರುವವರು ಇದ್ದಾರೆ, ಕಾಸರಗೋಡಿನಿಂದ ಬರುವವರೂ ಇದ್ದಾರೆ. ಮಾತು ತಿಳಿದರೆ ಸಾಕು. ಕೈ ನಡುಗಿದ್ದು, ಬೆವರಿದ್ದು ಇಂಥದ್ದನ್ನು ಎಲ್ಲರ ಎದುರು ಎತ್ತುವುದೇ ಇಲ್ಲ. ತೀರಾ ಹೇಳಲೇಬೇಕಾದರೆ ಕ್ಯಾಂಟೀನಿನಲ್ಲಿ, ಅದೂ ಅವರಾಗಿ ಕೇಳಿದರೆ ಮಾತ್ರ.

ನನಗೆ ಬಂದ ಚೀಟಿಗಳಿಗೆ ಅಲ್ಲೇ ಉತ್ತರ ಕೊಡುವುದಿಲ್ಲ. ಮನೆಗೆ ತಂದು ಒಟ್ಟಿಗೆ ಹರಡಿ ಓದುತ್ತೇನೆ. ಹಾಗಂತ ಎಲ್ಲವನ್ನೂ ಪಾಲಿಸುವುದೂ ಇಲ್ಲ. ಪಿಗ್ಮಿ ಸೆಮಿನಾರಿಗೆ ಒಬ್ಬರು, "ಬೋರ್ಡಿನ ಲೆಕ್ಕ ಜಾಸ್ತಿ ಆಯ್ತು, ತೆಗೆದುಬಿಡಿ" ಅಂತ ಬರೆದಿದ್ದರು. ಆದರೆ ಉಳಿದ ಹೆಚ್ಚಿನ ಚೀಟಿಗಳಲ್ಲಿ 'ಅರ್ಥ ಆದದ್ದು' ಅಂತ ಇದ್ದದ್ದೇ ಆ 45 ರೂಪಾಯಿ 10 ಆಣೆ. ಲೆಕ್ಕ ಉಳಿಸಿಕೊಂಡೆ, ಬ್ಯಾಂಕುಗಳ ಸ್ಲೈಡಿನಿಂದ ವಿಲೀನದ ಸಾಲು ತೆಗೆದೆ.