ಸಕ್ಕರೆ ಕಾಯಿಲೆ ಇರುವ ಮಗುವಿಗೆ ಆಪರೇಷನ್: ಊಟ, ಉಪವಾಸ, ಇನ್ಸುಲಿನ್

ಟೈಪ್ 1 ಮಧುಮೇಹ ಇರುವ ಮಗುವಿಗೆ ಹರ್ನಿಯಾ, ಟಾನ್ಸಿಲ್‌ನಂಥ ಆಪರೇಷನ್ ಗೊತ್ತಾದಾಗ ಮನೆಯವರು ಮಾಡುವ ದೊಡ್ಡ ತಪ್ಪೆಂದರೆ, ‘ಹೊಟ್ಟೆಗೇ ಏನೂ ಇಲ್ಲವಲ್ಲ’ ಎಂದು ಇನ್ಸುಲಿನ್ ಪೂರ್ತಿ ಬಿಟ್ಟುಬಿಡುವುದು. ಉಪವಾಸವಿದ್ದರೂ ಯಕೃತ್ತು ರಕ್ತಕ್ಕೆ ಸಕ್ಕರೆ ಬಿಡುತ್ತಲೇ ಇರುತ್ತದೆ. ಆಪರೇಷನ್ನಿನ ಒತ್ತಡಕ್ಕೆ ಅದು ಇನ್ನಷ್ಟು ಏರುತ್ತದೆ. ಇನ್ಸುಲಿನ್ ನಿಂತರೆ ಕೊಬ್ಬು ಕರಗಿ ಹುಟ್ಟುವ ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ಹೆಚ್ಚಿ, ಮಗು ವಾಂತಿ ಮಾಡಿಕೊಂಡು ಏದುಸಿರು ಬಿಡತೊಡಗುತ್ತದೆ. ಗ್ಲಾರ್ಜಿನ್‌ನಂಥ ದೀರ್ಘಕಾಲದ ಇನ್ಸುಲಿನ್ ಮುಂದುವರಿಯಲೇಬೇಕು, ಕೆಲವೊಮ್ಮೆ ಪ್ರಮಾಣ ಕೊಂಚ ಇಳಿಸಿ. ಊಟಕ್ಕೆಂದು ಹಾಕುವುದು ಮಾತ್ರ ಊಟದೊಂದಿಗೆ ನಿಲ್ಲುತ್ತದೆ. 30/70 ಮಿಕ್ಸ್ ಇನ್ಸುಲಿನ್ ಹಾಕುವ ಮಕ್ಕಳಲ್ಲಿ ಊಟದ್ದು, ಹೆಚ್ಚು ಹೊತ್ತು ಕೆಲಸ ಮಾಡುವುದು ಎರಡೂ ಒಂದೇ ಸೀಸೆಯಲ್ಲಿ ಬೆರೆತಿರುವುದರಿಂದ ಲೆಕ್ಕವೇ ಬೇರೆ. ಇದನ್ನು ಮೊದಲೇ ಹೇಳಿ, ಎಷ್ಟು ಯುನಿಟ್, ಎಷ್ಟು ಗಂಟೆಗೆ ಎಂದು ವೈದ್ಯರ ಕೈಯಲ್ಲೇ ಬರೆಸಿಕೊಳ್ಳಿ.

ಬೆಳಿಗ್ಗೆಯ ಮೊದಲ ಆಪರೇಷನ್ ನಿಮ್ಮ ಮಗುವಿನದೇ ಇರಲಿ ಎಂದು ಕೇಳಿ. ಹಾಗಾದರೆ ಉಪವಾಸದ ಹೆಚ್ಚು ಪಾಲು ನಿದ್ದೆಯಲ್ಲೇ ಕಳೆಯುತ್ತದೆ. ಚಿಂಚೋಳಿ, ಔರಾದ, ಸುರಪುರದಂಥ ದೂರದ ಕಡೆಯವರು ಹಿಂದಿನ ದಿನವೇ ಆಸ್ಪತ್ರೆಗೆ ಬಂದು ಸೇರಿಕೊಳ್ಳಿ. ಖಾಲಿ ಹೊಟ್ಟೆಯ ಮಗುವನ್ನು ನಸುಕಿನ ಬಸ್ಸಿಗೆ ಹತ್ತಿಸಿದರೆ ದಾರಿಯಲ್ಲಿ ಶುಗರ್ ಇಳಿದಾಗ ನೋಡುವವರಿರುವುದಿಲ್ಲ.

ಹಿಂದಿನ ರಾತ್ರಿ ಎಂದಿನ ಊಟವೇ ಸರಿ: ಜೋಳದ ರೊಟ್ಟಿ, ತೊಗರಿ ಬೇಳೆ, ಪಲ್ಯ, ಮೊಸರು. ಮಿರ್ಚಿ ಭಜಿ, ಪೂರಿ ಬೇಡ. ಎಣ್ಣೆಯದು ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಗಟ್ಟಿ ಆಹಾರಕ್ಕೂ ಆಪರೇಷನ್ನಿಗೂ ಕನಿಷ್ಠ 6 ಗಂಟೆ ಅಂತರವಿರಬೇಕು. ಹಾಲು, ಚಹಾ, ಮಜ್ಜಿಗೆ, ಗಂಜಿ, ಅಂಬಲಿ ಎಲ್ಲವೂ ಊಟದ ಲೆಕ್ಕಕ್ಕೇ ಬರುತ್ತವೆ. ಎದೆಹಾಲಿಗೆ 4 ಗಂಟೆ, ತಿಳಿ ನೀರಿಗೆ 2 ಗಂಟೆ. ನಿಮ್ಮ ಅರಿವಳಿಕೆ ವೈದ್ಯರು ಬೇರೆ ಹೊತ್ತು ಹೇಳಿದ್ದರೆ ಅದನ್ನೇ ಪಾಲಿಸಿ. ಅಜ್ಜಿ ಕನಿಕರಕ್ಕೆ ಒಂದು ಬಿಸ್ಕತ್ತು ಕೊಟ್ಟಿದ್ದರೂ ಮುಚ್ಚಿಡಬೇಡಿ. ಮಂಪರಿನಲ್ಲಿ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು.

ಉಪವಾಸದ ಹೊತ್ತಿನಲ್ಲಿ ಮಗು ಎಚ್ಚರವಿದ್ದಾಗ ಗಂಟೆಗೊಮ್ಮೆ ಗ್ಲುಕೋಮೀಟರಿನಲ್ಲಿ ನೋಡಿ. ಶುಗರ್ 90ರಿಂದ 180ರೊಳಗಿದ್ದರೆ ನಿಶ್ಚಿಂತೆ. 70ಕ್ಕಿಂತ ಕೆಳಗಿಳಿದು, ಆಪರೇಷನ್ನಿಗೆ 2 ಗಂಟೆಗಿಂತ ಹೆಚ್ಚು ಸಮಯವಿದ್ದರೆ ಸಕ್ಕರೆ ನೀರು ಕುಡಿಸಿ. ತೂಕದ ಪ್ರತಿ ಕಿಲೋಗೆ 0.3 ಗ್ರಾಂ ಸಾಕು: 15 ಕಿಲೋ ಮಗುವಿಗೆ ಸುಮಾರು ಒಂದು ಚಹಾ ಚಮಚ, 30 ಕಿಲೋದವರಿಗೆ ಎರಡು. 15 ನಿಮಿಷ ಬಿಟ್ಟು ಮತ್ತೆ ನೋಡಿ, ದಾದಿಗೂ ತಿಳಿಸಿ. ಸಮಯ ಅದಕ್ಕಿಂತ ಕಡಿಮೆಯಿದ್ದರೆ ಬಾಯಿಗೆ ಏನೂ ಹಾಕದೆ ತಕ್ಷಣ ದಾದಿಯನ್ನು ಕರೆಯಿರಿ, ರಕ್ತನಾಳದ ಮೂಲಕ ಡೆಕ್ಸ್‌ಟ್ರೋಸ್ (ಗ್ಲುಕೋಸ್ ದ್ರಾವಣ) ಕೊಡುತ್ತಾರೆ. ಪ್ರಜ್ಞೆ ಮಸುಕಾದ ಮಗುವಿನ ಬಾಯಿಗಂತೂ ಯಾವಾಗಲೂ ಏನನ್ನೂ ಹಾಕಬಾರದು.

ಆಪರೇಷನ್ ಆದಮೇಲೆ ವೈದ್ಯರು ಒಪ್ಪಿದಾಗ ಮೊದಲು ಗುಟುಕು ನೀರು, ಅದು ಹೊಟ್ಟೆಯಲ್ಲಿ ನಿಂತರೆ ತೆಳು ಗಂಜಿ, ಆಮೇಲೆ ಮೆತ್ತಗಿನ ಅನ್ನ–ಬೇಳೆ. ಮಗು ಎಷ್ಟು ತಿಂದೀತೆಂದು ಹೇಳಲಾಗದ ಈ ದಿನಗಳಲ್ಲಿ ಊಟದ ಇನ್ಸುಲಿನ್ನನ್ನು, ಅದು ರ‍್ಯಾಪಿಡ್ (ಬಹಳ ಬೇಗ ಕೆಲಸ ಮಾಡುವ) ಬಗೆಯದಾಗಿದ್ದರೆ, ತಿಂದಾದ ಕೂಡಲೇ ತಿಂದಷ್ಟಕ್ಕೆ ಹಾಕಬಹುದೇ ಎಂದು ವೈದ್ಯರನ್ನು ಕೇಳಿ. ಮೊದಲೇ ಹಾಕಿ, ಮಗು ಎರಡು ತುತ್ತಿಗೆ ಬಟ್ಟಲು ಸರಿಸಿದರೆ ಶುಗರ್ ಕುಸಿಯುತ್ತದೆ. ನೋಡಲು ಬಂದವರು ತರುವ ಮೋಸಂಬಿ ಜ್ಯೂಸ್, ಗ್ಲುಕೋಸ್ ಬಿಸ್ಕತ್ತು ಲೆಕ್ಕಕ್ಕೆ ಸಿಗದೆ ಹೊಟ್ಟೆ ಸೇರುತ್ತವೆ. ಲೋ ಶುಗರಿಗೆಂದು ಎತ್ತಿಡಿ. ಗಾಯ ಮಾಯಲು ಪ್ರೋಟೀನ್ ಬೇಕು: ಗಟ್ಟಿ ತೊಗರಿ ಬೇಳೆ, ಮೊಟ್ಟೆ, ಮೊಸರು, ಆಮೇಲೆ ಶೇಂಗಾ ಹಿಂಡಿ. ಶುಗರ್ ಏರಿತೆಂದು ಊಟ ಕಡಿಮೆ ಮಾಡಬೇಡಿ, ಇನ್ಸುಲಿನ್ ಸರಿಹೊಂದಿಸಲು ಹೇಳಿ. ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ಮತ್ತು ನೋವು, ಎರಡೂ ಶುಗರ್ ಏರಿಸುತ್ತವೆ.

ಮನೆಗೆ ಹೋದಮೇಲೆ ಶುಗರ್ 250 ದಾಟಿ ಇಳಿಯದಿದ್ದರೆ, ಇಲ್ಲವೇ ಮಗು ಮತ್ತೆ ಮತ್ತೆ ವಾಂತಿ ಮಾಡಿದರೆ ಮೂತ್ರದ ಕೀಟೋನ್ ಪಟ್ಟಿಯಲ್ಲಿ ನೋಡಿ. ಪಟ್ಟಿಯ ಬಣ್ಣ ಗಾಢವಾಗಿದ್ದರೆ ಬೆಳಗಾಗುವವರೆಗೆ ಕಾಯದೆ ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ಯಿರಿ.